ಶೆಡ್ಡಿನಿಂದ ಸೈನ್ಯದ ಉಗ್ರಾಣಕ್ಕೆ: ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮದ ಎಪ್ಪತ್ತು ವರ್ಷ

1955ರ ಫೆಬ್ರುವರಿ 4ರಂದು ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮಕ್ಕೆ ಎಪ್ಪತ್ತು ತುಂಬಿದೆ. ಬೆಂಗಳೂರಿನ ರಾಜಾಜಿನಗರ, ಪೀಣ್ಯದ ಶೆಡ್ಡುಗಳಲ್ಲಿ ಯಾರೂ ಈ ಉದ್ದದ ಹೆಸರನ್ನು ಹೇಳುವುದಿಲ್ಲ. ಅಲ್ಲಿ ಅದು ಬರೀ ಎನ್‌ಎಸ್‌ಐಸಿ. ಒಬ್ಬರಿಗೆ ಅದು ಕಂತಿನ ಮೇಲೆ ಯಂತ್ರ ಕೊಡಿಸಿದ ಕಚೇರಿ, ಇನ್ನೊಬ್ಬರಿಗೆ ಟೆಂಡರಿನ ಠೇವಣಿ ಉಳಿಸಿದ ಸರ್ಟಿಫಿಕೇಟು, ಮತ್ತೊಬ್ಬರಿಗೆ ಉಕ್ಕು, ಅಲ್ಯೂಮಿನಿಯಂ ಸಾಲವಾಗಿ ಸಿಕ್ಕ ಜಾಗ. ನಿಗಮದ ಎಲ್ಲ ಕೆಲಸಗಳನ್ನೂ ಇಲ್ಲಿ ಹೇಳಹೊರಟಿಲ್ಲ. ಬಂಡವಾಳವಿಲ್ಲದ, ಪರಿಚಯದವರಿಲ್ಲದ, ಜಾತಿಯ ಕಾರಣಕ್ಕೆ ವ್ಯಾಪಾರದ ಅಂಗಳದಿಂದಲೇ ದೂರವಿದ್ದ ಸಣ್ಣ ಉದ್ಯಮಿ ಸರ್ಕಾರದ ಆರ್ಡರು, ಅದರಲ್ಲೂ ರಕ್ಷಣಾ ಇಲಾಖೆಯ ಆರ್ಡರು ಹಿಡಿಯುವುದಕ್ಕೆ ಈ ಸಂಸ್ಥೆ ಹೇಗೆ ನೆರವಾಯಿತು ಎಂಬುದಷ್ಟೇ ಈ ಲೇಖನದ ವಿಷಯ.

ಹಿಂತಿರುಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸಣ್ಣವನಿಗೆ ಕಸುಬು ಗೊತ್ತಿಲ್ಲ ಎಂಬುದು ಯಾವ ಕಾಲದಲ್ಲೂ ನಿಜವಾದ ತೊಡಕಾಗಿರಲಿಲ್ಲ. ಅವನನ್ನು ತಡೆದದ್ದು ಕಸುಬಿನ ಆಚೆಗಿನ ಸಂಗತಿಗಳು: ಯಂತ್ರದ ಬೆಲೆ, ಟೆಂಡರಿನ ಠೇವಣಿ, ಕಚ್ಚಾ ಸರಕಿಗೆ ಬೇಕಾದ ರೊಕ್ಕ, ತಿಂಗಳುಗಟ್ಟಲೆ ಬಾರದ ಬಿಲ್ಲು. ನಿಗಮದ ಇತಿಹಾಸವೆಂದರೆ ಈ ತಡೆಗಳನ್ನು ಒಂದೊಂದಾಗಿ ಗುರುತಿಸಿ ಸರಿಸಲು ನಡೆದ ಪ್ರಯತ್ನದ ಇತಿಹಾಸ.

ಹಿನ್ನೆಲೆ: 1942–1954

ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡು ಬೇರೆ ಬೇರೆ ನೆಲಗಳಲ್ಲಿ, ಒಂದೇ ವರ್ಷ, ಒಂದೇ ಪ್ರಶ್ನೆ ಎದ್ದಿತು. ಅಮೆರಿಕದಲ್ಲಿ ಯುದ್ಧ ಸಾಮಗ್ರಿಯ ಗುತ್ತಿಗೆಗಳೆಲ್ಲ ದೊಡ್ಡ ಕಂಪನಿಗಳ ಪಾಲಾಗುತ್ತಿದ್ದವು. ಸಣ್ಣ ಕಾರ್ಖಾನೆಗಳು ಮುಚ್ಚುವ ಸ್ಥಿತಿಗೆ ಬಂದಾಗ ಅಲ್ಲಿನ ಸಂಸತ್ತು 1942ರಲ್ಲಿ ಸಣ್ಣ ಯುದ್ಧ ಸ್ಥಾವರಗಳ ನಿಗಮವೊಂದನ್ನು ಸ್ಥಾಪಿಸಿತು. ಸೇನೆಯಿಂದ ತಾನೇ ಗುತ್ತಿಗೆ ಹಿಡಿದು ಸಣ್ಣ ಕಾರ್ಖಾನೆಗಳಿಗೆ ಹಂಚುವ ಅಧಿಕಾರ ಅದಕ್ಕಿತ್ತು. ಇಂದು ಅಮೆರಿಕದ ಸಣ್ಣ ಉದ್ಯಮ ಆಡಳಿತ ಸಂಸ್ಥೆ ಮಾಡುತ್ತಿರುವ ಕೆಲಸದ ಬೇರು ಅಲ್ಲಿದೆ.

ಅದೇ 1942ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ವೈಸರಾಯ್ ಲಿನ್‌ಲಿತ್‌ಗೋ ಅವರಿಗೆ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ಮನವಿಯೊಂದನ್ನು ಸಲ್ಲಿಸಿದರು. ನೌಕರಿ, ಶಿಕ್ಷಣ, ಪ್ರಾತಿನಿಧ್ಯಗಳ ಜೊತೆಗೆ ಅವರು ಸರ್ಕಾರಿ ಗುತ್ತಿಗೆಗಳ ಮಾತನ್ನೂ ಎತ್ತಿದ್ದರು. ಲೋಕೋಪಯೋಗಿ ಕಾಮಗಾರಿಗಳ ಗುತ್ತಿಗೆದಾರರ ಪಟ್ಟಿಯಲ್ಲಿ ಪರಿಶಿಷ್ಟರು ಇಲ್ಲವೇ ಇಲ್ಲ ಎನ್ನುವಂತಿದ್ದ ಸ್ಥಿತಿಯನ್ನು ಅವರು ತೋರಿಸಿದರು. ಸರ್ಕಾರ ಸಂಬಳ ಕೊಡುವ ಧಣಿ ಮಾತ್ರವಲ್ಲ, ದೇಶದ ಅತಿ ದೊಡ್ಡ ಗಿರಾಕಿಯೂ ಹೌದು, ಆ ಗಿರಾಕಿಯ ಹಣದಲ್ಲಿಯೂ ಎಲ್ಲರಿಗೂ ಪಾಲಿದೆ ಎಂಬ ಈ ವಿಚಾರ ಅಂದಿಗೆ ಬಹಳ ಮುಂದಿನದು. ಅದು ಕೇಂದ್ರ ಸರ್ಕಾರದ ಖರೀದಿ ಆದೇಶದಲ್ಲಿ ಅಂಕಿಯಾಗಿ ಮೂಡಲು ಎಪ್ಪತ್ತು ವರ್ಷ ಹಿಡಿಯಿತು.

ಸ್ವಾತಂತ್ರ್ಯದ ನಂತರ ಸಣ್ಣ ಕೈಗಾರಿಕೆಗಳ ಸ್ಥಿತಿಗತಿ ನೋಡಲು ಭಾರತ ಸರ್ಕಾರ ಫೋರ್ಡ್ ಪ್ರತಿಷ್ಠಾನದ ಮೂಲಕ ಅಂತರರಾಷ್ಟ್ರೀಯ ತಜ್ಞರ ತಂಡವೊಂದನ್ನು ಕರೆಸಿತು. 1954ರಲ್ಲಿ ಅದರ ವರದಿ ಬಂದಿತು. ಅದೇ ವರ್ಷ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಆಯುಕ್ತರ ಕಚೇರಿ ಸ್ಥಾಪನೆಯಾಯಿತು. ತಾಂತ್ರಿಕ ಸಲಹೆಗೆ ಸೇವಾ ಸಂಸ್ಥೆಗಳು, ವ್ಯಾಪಾರದ ನೆರವಿಗೆ ಪ್ರತ್ಯೇಕ ನಿಗಮ ಎಂದು ಕೆಲಸ ಹಂಚಿಕೆಯಾಯಿತು. ಎರಡನೆಯ ಹೊಣೆ ಹೊತ್ತದ್ದು ಎನ್‌ಎಸ್‌ಐಸಿ.

1955–1961: ಮೊದಲು ಯಂತ್ರ

ಸರ್ಕಾರಿ ಇಲಾಖೆಗಳ ಆರ್ಡರುಗಳನ್ನು ಸಣ್ಣ ಘಟಕಗಳಿಗೆ ಕೊಡಿಸುವುದು ನಿಗಮದ ಆರಂಭದ ಉದ್ದೇಶಗಳಲ್ಲಿ ಒಂದು. ಆದರೆ ಕೆಲಸಕ್ಕೆ ಇಳಿದ ಕೂಡಲೇ ಒಂದು ಸಂಗತಿ ಎದುರಾಯಿತು: ಆರ್ಡರು ಕೊಡಿಸೋಣವೆಂದರೆ ಮಾಡುವವನ ಬಳಿ ಯಂತ್ರವೇ ಇಲ್ಲ. ಇದ್ದರೂ ಹಳೆಯ ಬೆಲ್ಟ್ ಲೇತು. ಹೆಚ್ಚಿನ ಬ್ಯಾಂಕುಗಳು ಆಗ ಇನ್ನೂ ಖಾಸಗಿಯವರ ಕೈಯಲ್ಲಿದ್ದವು. ಅಡವಿಡಲು ಆಸ್ತಿ ಇಲ್ಲದವನನ್ನು ಅವು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಹೀಗಾಗಿ ನಿಗಮ ಬಾಡಿಗೆ-ಖರೀದಿ ಪದ್ಧತಿಯಲ್ಲಿ ಯಂತ್ರಗಳನ್ನು ಒದಗಿಸತೊಡಗಿತು. ಬೆಲೆಯ ಒಂದು ಭಾಗವನ್ನು ಮೊದಲು ಕಟ್ಟಿ, ಉಳಿದದ್ದನ್ನು ಕಂತುಗಳಲ್ಲಿ ತೀರಿಸಿದರೆ ಯಂತ್ರ ಉದ್ಯಮಿಯದಾಗುತ್ತಿತ್ತು. ಮಿಲ್ಲಿಂಗ್, ಶೇಪಿಂಗ್, ಡ್ರಿಲ್ಲಿಂಗ್ ಯಂತ್ರಗಳು ದೇಶದ ಊರೂರುಗಳ ಶೆಡ್ಡುಗಳನ್ನು ಸೇರಿದ್ದು ಹೀಗೆ. ಯಂತ್ರವನ್ನೇ ಜಾಮೀನಾಗಿ ಒಪ್ಪಿಕೊಂಡದ್ದು ಇದರ ದೊಡ್ಡ ಗುಣ. ಕೈಕಸುಬು ಬಲ್ಲವನು, ಆಸ್ತಿ ಇಲ್ಲದವನು, ಮೊದಲ ಬಾರಿಗೆ ಕಾರ್ಖಾನೆಯ ಮಾಲೀಕನಾಗುವ ದಾರಿ ತೆರೆಯಿತು. ಕಂತುಗಳ ವಸೂಲಿಯಲ್ಲಿ ತೊಂದರೆಗಳು ಬಂದವು, ಆ ಬಗ್ಗೆ ಒಳಗೂ ಹೊರಗೂ ಬೇರೆ ಬೇರೆ ಅಭಿಪ್ರಾಯಗಳಿದ್ದವು. ಒಂದು ಇಡೀ ತಲೆಮಾರಿನ ಎಂಜಿನಿಯರಿಂಗ್ ಘಟಕಗಳು ನಿಂತದ್ದು ಆ ಯಂತ್ರಗಳ ಮೇಲೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಕಟ್ಟಡಗಳ ಮಾತು ಹೇಳಲೇಬೇಕು. ದೆಹಲಿಯ ಓಖ್ಲಾ ಕೈಗಾರಿಕಾ ವಸಾಹತು ಈ ಸಂಸ್ಥೆಯ ಮನೆ. ಇಂದಿಗೂ ಅದರ ಕೇಂದ್ರ ಕಚೇರಿ ಇರುವುದು ಅಲ್ಲಿಯೇ. ಓಖ್ಲಾ, ರಾಜಕೋಟ್, ಹೌರಾಗಳಲ್ಲಿ ಮಾದರಿ ಯಂತ್ರಗಳ ತಯಾರಿಕೆ ಮತ್ತು ತರಬೇತಿಗೆಂದು ಮೂರು ಕೇಂದ್ರಗಳು ತಲೆಯೆತ್ತಿದವು. ಹೊರದೇಶಗಳ ನೆರವು ಪಡೆದು ಕಟ್ಟಿದ ಈ ಕೇಂದ್ರಗಳಲ್ಲಿ ಹುಡುಗರು ಫೈಲು ಹಿಡಿಯುವುದನ್ನು, ಮೈಕ್ರೊಮೀಟರ್ ಓದುವುದನ್ನು ಕಲಿತರು. ಮುಂದೆ ಚೆನ್ನೈ, ಹೈದರಾಬಾದ್, ರಾಜಪುರ, ಅಲಿಗಢಗಳಿಗೂ ಅಂಥ ಕೇಂದ್ರಗಳು ಬಂದವು. ಈಗ ಅವುಗಳನ್ನು ತಾಂತ್ರಿಕ ಸೇವಾ ಕೇಂದ್ರಗಳೆನ್ನುತ್ತಾರೆ.

1962–1980: ಯುದ್ಧ ಕಲಿಸಿದ ಪಾಠ

1962ರ ಚೀನಾ ಯುದ್ಧ ಸೈನ್ಯದ ಸರಬರಾಜಿನ ಕೊರತೆಗಳನ್ನು ಬಯಲು ಮಾಡಿತು. ಆ ವರ್ಷದ ನವೆಂಬರಿನಲ್ಲಿಯೇ ರಕ್ಷಣಾ ಉತ್ಪಾದನಾ ಇಲಾಖೆ ಹುಟ್ಟಿತು. 1965ರ ಯುದ್ಧದ ಹೊತ್ತಿಗೆ ಹೊರದೇಶಗಳಿಂದ ಬರುವ ಬಿಡಿಭಾಗಗಳನ್ನು ನೆಚ್ಚಿ ಕೂರುವುದು ಎಷ್ಟು ಅಪಾಯ ಎಂಬುದು ಅರಿವಾಗಿ, ಅದೇ ವರ್ಷದ ನವೆಂಬರಿನಲ್ಲಿ ಆಮದಿಗೆ ಬದಲಿ ಹುಡುಕಲೆಂದೇ ರಕ್ಷಣಾ ಸರಬರಾಜು ಇಲಾಖೆಯನ್ನು ತೆರೆಯಲಾಯಿತು. ಸೈನ್ಯಕ್ಕೆ ಬೇಕಾದ ಸಾವಿರಾರು ವಸ್ತುಗಳನ್ನು ಸೈನ್ಯದ ಸ್ವಂತ ಕಾರ್ಖಾನೆಗಳೇ ಮಾಡಿ ಮುಗಿಸಲಾರವು, ಊರಿನ ವರ್ಕ್‌ಶಾಪುಗಳೂ ಕೈಜೋಡಿಸಬೇಕು ಎಂಬುದು ಆಡಳಿತದ ಮಾತಾದದ್ದು ಆಗ.

ಬೆಂಗಳೂರು ಇದಕ್ಕೆ ಹೇಳಿ ಮಾಡಿಸಿದ ಊರಾಗಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1964ರಲ್ಲಿ ಎಚ್‌ಎಎಲ್ ಆಗಿತ್ತು. ಜಾಲಹಳ್ಳಿಯಲ್ಲಿ 1953ರ ಎಚ್‌ಎಂಟಿ, 1954ರ ಬಿಇಎಲ್ ಇದ್ದವು. 1964ರಲ್ಲಿ ಬಿಇಎಂಎಲ್ ಬಂದಿತು. ಈ ದೊಡ್ಡ ಕಾರ್ಖಾನೆಗಳಲ್ಲಿ ಪಳಗಿದ ಫಿಟ್ಟರುಗಳು, ಟರ್ನರುಗಳು, ಟೂಲ್‌ರೂಮಿನ ಮಂದಿ ಹೊರಗೆ ಬಂದು ತಮ್ಮದೇ ಘಟಕ ಹಾಕಿಕೊಂಡರು. 1949ರಲ್ಲಿಯೇ ಶುರುವಾಗಿದ್ದ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಅವರ ದನಿಯಾಯಿತು. ರಾಜ್ಯದ ಕಡೆಯಿಂದ 1959ರಲ್ಲಿ ಹಣಕಾಸು ನಿಗಮ, 1960ರಲ್ಲಿ ಶೆಡ್ಡು ಕಟ್ಟಿಕೊಡುವ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಬಂದವು. ರಾಜಾಜಿನಗರ ತುಂಬಿದ ಮೇಲೆ ಪೀಣ್ಯ ಬೆಳೆಯಿತು. ಶೆಡ್ಡು ರಾಜ್ಯದ್ದು, ಯಂತ್ರ ಎನ್‌ಎಸ್‌ಐಸಿಯದ್ದು, ಡ್ರಾಯಿಂಗು ಎಚ್‌ಎಎಲ್‌ನದ್ದು, ಕೈ ಮಾತ್ರ ತಮ್ಮದು ಎಂಬಂತೆ ನಡೆದ ಘಟಕಗಳ ಕಾಲ ಅದು.

ನಿಗಮದ ಅತ್ಯಂತ ಬಾಳಿಕೆಯ ಕೊಡುಗೆಯೆಂದರೆ ನನ್ನ ದೃಷ್ಟಿಯಲ್ಲಿ ಒಂದೇ ಕಡೆಯ ನೋಂದಣಿ ಪದ್ಧತಿ. ಮೊದಲು ಇದನ್ನು ಸರ್ಕಾರಿ ಸಾಮಗ್ರಿ ಖರೀದಿ ಕಾರ್ಯಕ್ರಮ ಎನ್ನುತ್ತಿದ್ದರು. ಘಟಕಕ್ಕೆ ಬಂದು ಯಂತ್ರ, ಅಳತೆಯ ಸಾಧನ, ಕೆಲಸಗಾರರು, ಲೆಕ್ಕಪತ್ರ ಎಲ್ಲವನ್ನೂ ಪರಿಶೀಲಿಸಿ, ಇವರು ಇಂತಿಂಥ ವಸ್ತುವನ್ನು ಇಷ್ಟು ಪ್ರಮಾಣದಲ್ಲಿ ಮಾಡಬಲ್ಲರು ಎಂದು ಕೊಡುವ ಪ್ರಮಾಣಪತ್ರ ಅದು. ಅದು ಕೈಯಲ್ಲಿದ್ದರೆ ಟೆಂಡರ್ ಫಾರಂ ಉಚಿತ, ಇಎಂಡಿ ಎಂದು ಎಲ್ಲರೂ ಕರೆಯುವ ಮುಂಗಡ ಠೇವಣಿ ಕಟ್ಟಬೇಕಿಲ್ಲ, ನಿಗದಿತ ಮಿತಿಯವರೆಗೆ ಭದ್ರತಾ ಠೇವಣಿಯೂ ಇಲ್ಲ.

ಹೊರಗಿನವರಿಗೆ ಇದು ಸಣ್ಣ ರಿಯಾಯಿತಿಯಂತೆ ಕಾಣಬಹುದು. ಲೆಕ್ಕ ಹಾಕಿ ನೋಡಬೇಕು. ಠೇವಣಿ ಸಾಮಾನ್ಯವಾಗಿ ಟೆಂಡರಿನ ಅಂದಾಜು ಮೊತ್ತದ ಶೇ 2ರಿಂದ 5. ಇಪ್ಪತ್ತು ಲಕ್ಷದ ಟೆಂಡರಿಗೆ ನಲವತ್ತು ಸಾವಿರದಿಂದ ಒಂದು ಲಕ್ಷ. ವರ್ಷಕ್ಕೆ ಹತ್ತು ಟೆಂಡರು ಹಾಕಿದರೆ ಒಂದೆರಡು ಸಿಕ್ಕಾವು. ಉಳಿದವುಗಳ ಠೇವಣಿ ವಾಪಸು ಬರುವವರೆಗೆ ಸುಮಾರು ಮೂರರಿಂದ ಒಂಬತ್ತು ಲಕ್ಷ ರೂಪಾಯಿ ಕಚೇರಿಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಐದಾರು ಜನರಿಗೆ ವಾರಕ್ಕೊಮ್ಮೆ ಬಟವಾಡೆ ಮಾಡುವ ಶೆಡ್ಡಿನ ಮಾಲೀಕ ಅಷ್ಟನ್ನು ಎಲ್ಲಿಂದ ತರಬೇಕು? ಆ ಒಂದು ಹಾಳೆ ಅವನನ್ನು ಟೆಂಡರು ಹಾಕುವವರ ಸಾಲಿಗೆ ತಂದು ನಿಲ್ಲಿಸಿತು.

ಇದರ ಜೊತೆಗೆ ಸಣ್ಣ ಕೈಗಾರಿಕೆಗಳಿಂದಲೇ ಕೊಳ್ಳಬೇಕಾದ ವಸ್ತುಗಳ ಪಟ್ಟಿ. ಹಲವು ಬಾರಿ ಪರಿಷ್ಕರಣೆಯಾದ ಈ ಪಟ್ಟಿಯಲ್ಲಿ ಈಗ 358 ವಸ್ತುಗಳಿವೆ. ಓದುತ್ತ ಹೋದರೆ ಸೈನಿಕನ ದಿನಚರಿಯೇ ಕಣ್ಣೆದುರು ಬರುತ್ತದೆ: ಬೂಟು, ಬೂಟಿನ ಪಾಲಿಶು, ಅಂಗಿಯ ಗುಂಡಿ, ಮುಳ್ಳುತಂತಿ, ಮದ್ದುಗುಂಡಿನ ಪೆಟ್ಟಿಗೆ. ಗಡಿಯಲ್ಲಿ ನಿಂತವನ ಮೈಮೇಲಿನ, ಕಾಲಿನ ವಸ್ತುಗಳು ಸಣ್ಣ ಊರುಗಳ ಸಣ್ಣ ಘಟಕಗಳಿಂದ ಹೋಗಬೇಕೆಂದು ಸರ್ಕಾರವೇ ಬರೆದಿಟ್ಟಿದೆ.

1980–2005: ಬಿಲ್ಲಿನ ಹಣ, ತೆರೆದ ಪೇಟೆ

ಈ ಅವಧಿಯ ಎರಡು ಸಂಗತಿಗಳನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮೊದಲನೆಯದು ಬಾಕಿ. ಮಾಲು ಕೊಟ್ಟಾಯಿತು, ತಪಾಸಣೆ ಮುಗಿಯಿತು, ಬಿಲ್ಲು ಮಾತ್ರ ಮೇಜಿನಿಂದ ಮೇಜಿಗೆ ಸುತ್ತುತ್ತಿದೆ. ಸರ್ಕಾರಿ ಆರ್ಡರು ಗೆದ್ದದ್ದೇ ಎಷ್ಟೋ ಘಟಕಗಳಿಗೆ ಮುಳುವಾಯಿತು. 1993ರಲ್ಲಿ ತಡವಾದ ಪಾವತಿಗೆ ಬಡ್ಡಿ ಕೊಡಬೇಕೆನ್ನುವ ಕಾಯಿದೆ ಬಂದಿತು. ಬಡ್ಡಿ ಕೇಳಿದರೆ ಮುಂದಿನ ಆರ್ಡರು ಸಿಗಲಾರದೆಂಬ ಅಂಜಿಕೆಯಿಂದ ಅದನ್ನು ಬಳಸಿಕೊಂಡವರು ಕಡಿಮೆ. ಆದರೂ ಬಾಕಿ ಉಳಿಸಿಕೊಳ್ಳುವುದು ತಪ್ಪು ಎಂದು ಕಾನೂನು ಹೇಳಿದ್ದು ಅದೇ ಮೊದಲು.

ಎರಡನೆಯದು 1991ರ ನಂತರದ ಉದಾರೀಕರಣ. ಸಣ್ಣ ಕೈಗಾರಿಕೆಗಳಷ್ಟೇ ತಯಾರಿಸಬೇಕೆಂದು 1967ರಲ್ಲಿ 47 ವಸ್ತುಗಳಿಂದ ಆರಂಭವಾಗಿ 800ನ್ನೂ ದಾಟಿದ್ದ ಮೀಸಲು ಪಟ್ಟಿಯನ್ನು ಹಂತಹಂತವಾಗಿ ಕರಗಿಸಲಾಯಿತು. ಕೊನೆಯ 20 ವಸ್ತುಗಳು 2015ರ ಏಪ್ರಿಲಿನಲ್ಲಿ ಹೊರಬಂದವು. ತಯಾರಿಕೆಯ ಮೀಸಲು ಹೋದರೂ ಖರೀದಿಯ ಮೀಸಲು ಉಳಿಯಿತು. ಇದರ ಬಗ್ಗೆ ಉದ್ಯಮ ಸಂಘಗಳಲ್ಲಿ ದೀರ್ಘ ಚರ್ಚೆ ನಡೆಯಿತು. ರಕ್ಷಣೆ ಬೇಕು ಎಂದವರೂ, ರಕ್ಷಣೆಯಿಂದಲೇ ನಾವು ಸಣ್ಣವರಾಗಿ ಉಳಿದೆವು ಎಂದವರೂ ಒಂದೇ ವೇದಿಕೆಯಲ್ಲಿದ್ದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಇದೇ ಹೊತ್ತಿಗೆ, 2001ರ ಮೇ ತಿಂಗಳಲ್ಲಿ, ರಕ್ಷಣಾ ಉತ್ಪಾದನೆಯನ್ನು ಖಾಸಗಿಯವರಿಗೆ ತೆರೆಯಲಾಯಿತು. ಅಲ್ಲಿಯವರೆಗೆ ಬರೀ ಬಿಡಿಭಾಗ ಮಾಡುತ್ತಿದ್ದವರ ಮುಂದೆ ದೊಡ್ಡ ಅವಕಾಶವೂ ದೊಡ್ಡ ಪೈಪೋಟಿಯೂ ಒಟ್ಟಿಗೆ ಬಂದವು.

2006–2015: ರಿಯಾಯಿತಿ ನಿಯಮವಾದಾಗ

2006ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯಿದೆ ಹಳೆಯ ತಡವಾದ ಪಾವತಿ ಕಾಯಿದೆಗೆ ಹಲ್ಲು ಕೊಟ್ಟಿತು. ಪಾವತಿಗೆ ಹೆಚ್ಚೆಂದರೆ 45 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ಪ್ರತಿ ರಾಜ್ಯದಲ್ಲಿ ದೂರು ಕೇಳಲು ಸೌಲಭ್ಯ ಮಂಡಳಿ.

ಆ ಕಾಯಿದೆಯ ಅಡಿಯಲ್ಲಿಯೇ 2012ರ ಮಾರ್ಚ್ 23ರಂದು ಸಾರ್ವಜನಿಕ ಖರೀದಿ ನೀತಿಯ ಆದೇಶ ಹೊರಟು ಏಪ್ರಿಲ್ 1ರಿಂದ ಜಾರಿಯಾಯಿತು. ಕೇಂದ್ರದ ಪ್ರತಿ ಸಚಿವಾಲಯ, ಇಲಾಖೆ, ಸಾರ್ವಜನಿಕ ಉದ್ಯಮ ತನ್ನ ವಾರ್ಷಿಕ ಖರೀದಿಯಲ್ಲಿ ಕನಿಷ್ಠ ಶೇ 20ನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳುವ ಗುರಿ ಇಟ್ಟುಕೊಳ್ಳಬೇಕು. ಮೂರು ವರ್ಷದ ನಂತರ, 2015ರಿಂದ, ಅದು ಕಡ್ಡಾಯ. ಆ ಇಪ್ಪತ್ತರಲ್ಲಿ ಐದನೆಯ ಒಂದು ಪಾಲು, ಅಂದರೆ ಒಟ್ಟು ಖರೀದಿಯ ಶೇ 4, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಒಡೆತನದ ಘಟಕಗಳಿಂದ. 1942ರ ಮನವಿಗೆ ಸಿಕ್ಕ ಉತ್ತರವಿದು. 2018ರ ನವೆಂಬರಿನಲ್ಲಿ ಒಟ್ಟು ಗುರಿ ಶೇ 25ಕ್ಕೆ ಏರಿತು, ಮಹಿಳಾ ಉದ್ಯಮಿಗಳಿಗೆ ಶೇ 3 ಸೇರಿತು.

ನೀತಿಯ ಒಳಗೆ ಒಂದು ಜಾಣ ಏರ್ಪಾಟಿದೆ. ದೊಡ್ಡ ಕಂಪನಿಯೊಂದು 100 ರೂಪಾಯಿಗೆ ಕನಿಷ್ಠ ದರ ಕೂಗಿದೆ ಎಂದಿಟ್ಟುಕೊಳ್ಳಿ. ಸಣ್ಣ ಘಟಕದ ದರ 112. ಮೊದಲಾದರೆ ಅವನು ಅಲ್ಲಿಗೆ ಹೊರಗೆ. ಈಗ ಅವನ ದರ ಕನಿಷ್ಠ ದರಕ್ಕಿಂತ ಶೇ 15ರ ಒಳಗಿದ್ದರೆ, 100ಕ್ಕೆ ಇಳಿಯಲು ಒಪ್ಪುತ್ತೀರಾ ಎಂದು ಕೇಳಿ, ಒಪ್ಪಿದರೆ ಟೆಂಡರಿನ ಕನಿಷ್ಠ ಕಾಲು ಭಾಗವನ್ನು ಅವನಿಗೆ ಕೊಡಬೇಕು. ಸರ್ಕಾರಕ್ಕೆ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ. ಸಣ್ಣವರಿಗೆ ಕೊಟ್ಟರೆ ಬೊಕ್ಕಸಕ್ಕೆ ನಷ್ಟ ಎಂಬ ಹಳೆಯ ಆಕ್ಷೇಪಕ್ಕೆ ಇದಕ್ಕಿಂತ ಚೊಕ್ಕ ಉತ್ತರವಿಲ್ಲ.

ರಕ್ಷಣಾ ಇಲಾಖೆಯ ವಿಷಯದಲ್ಲಿ ಒಂದು ವಿನಾಯಿತಿ ಇದೆ. ಆಮದಾಗುವ ಶಸ್ತ್ರಾಸ್ತ್ರಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಸ್ತ್ರ ವ್ಯವಸ್ಥೆ, ಕ್ಷಿಪಣಿಗಳಂಥವು ನೀತಿಯ ವ್ಯಾಪ್ತಿಯ ಹೊರಗೆ. ಕಾರಣ ಒಪ್ಪುವಂಥದ್ದೇ. ಆದರೆ ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಕೇಂದ್ರ ಸಾರ್ವಜನಿಕ ಉದ್ಯಮಗಳಾದ್ದರಿಂದ ಅವು ಕೊಳ್ಳುವ ಬಿಡಿಭಾಗ, ಜೋಡಣೆ, ಸೇವೆಗಳಿಗೆ ನೀತಿ ಅನ್ವಯಿಸುತ್ತದೆ. ಬೆಂಗಳೂರಿನ ಸಣ್ಣ ಉದ್ಯಮಿಗೆ ರಕ್ಷಣಾ ಕ್ಷೇತ್ರದ ನಿಜವಾದ ಬಾಗಿಲು ಇದೇ.

ಆ ಬಾಗಿಲ ಒಳಗಿನ ಕೆಲಸ ಎಂಥದ್ದು ಎಂದು ಹತ್ತಿರದಿಂದ ನೋಡುವುದು ಒಳ್ಳೆಯದು. ಅಂಗೈಯಗಲದ ಒಂದು ಅಲ್ಯೂಮಿನಿಯಂ ಬ್ರ್ಯಾಕೆಟ್ ತೆಗೆದುಕೊಳ್ಳಿ. ಸರಕು ಯಾವ ಕುಲುಮೆಯ ಯಾವ ಪಾಕದ್ದು ಎಂಬ ನಂಬರಿನ ಸಮೇತ ಮಿಲ್ಲಿನ ಪರೀಕ್ಷಾ ಪತ್ರ ಬೇಕು. ಪಟ್ಟಿಯನ್ನು ಕತ್ತರಿಸಿದಾಗ ಉಳಿದ ತುಂಡಿನ ಮೇಲೂ ಆ ನಂಬರು ಉಳಿಯಬೇಕು. ತೂತಿನ ಅಳತೆಯಲ್ಲಿ ಕೆಲವೇ ಮೈಕ್ರಾನಿನ ಹೆಚ್ಚುಕಡಿಮೆಗೆ ಅವಕಾಶ. ಮೊದಲ ಪೀಸು ಇಳಿದ ಕೂಡಲೇ ಡ್ರಾಯಿಂಗಿನ ಪ್ರತಿ ಅಳತೆಗೂ ನಂಬರು ಹಾಕಿ, ಅಳೆದು, ಪಟ್ಟಿ ಮಾಡಿ ಒಪ್ಪಿಗೆ ಪಡೆಯಬೇಕು, ಆಮೇಲೆ ಉಳಿದವು. ಮೇಲ್ಮೈಗೆ ಆನೋಡೈಸಿಂಗ್ ಆಗಬೇಕಾದರೆ ಅದಕ್ಕೆ ಒಪ್ಪಿಗೆ ಪಡೆದ ಅಂಗಡಿಗೇ ಹೋಗಬೇಕು. ತಪಾಸಣೆಯವರು ಬಂದು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಒಂದು ಗೀರು ಕಂಡರೂ ರಿಜೆಕ್ಟು. ಇಷ್ಟೆಲ್ಲ ಮುಗಿದ ಮೇಲೆ ಪೆಟ್ಟಿಗೆ, ಚಲನ್, ಸ್ಟೋರಿನ ರಸೀದಿ, ಬಿಲ್ಲು. ಇದರಲ್ಲಿ ಯಂತ್ರದ ಮುಂದೆ ಕಳೆಯುವ ಹೊತ್ತಿಗಿಂತ ಕಾಗದದ ಮುಂದೆ ಕಳೆಯುವ ಹೊತ್ತು ಹೆಚ್ಚು. ಮೊದಲ ತಲೆಮಾರಿನ ಉದ್ಯಮಿ ಸೋಲುವುದು ಇಲ್ಲಿ. ಅಪ್ಪನ ಕಾಲದಿಂದ ಎಚ್‌ಎಎಲ್ ಗೇಟಿಗೆ ಓಡಾಡಿದವನ ಮಗನಿಗೆ ಈ ಕಾಗದದ ಮರ್ಮ ಮನೆಯಲ್ಲೇ ಸಿಗುತ್ತದೆ. ಉಳಿದವರಿಗೆ ಹೇಳಿಕೊಡುವವರು ಬೇಕು.

2016ರಿಂದ: ಎಸ್‌ಸಿ-ಎಸ್‌ಟಿ ಹಬ್

ಶೇ 4ರ ಗುರಿ ಘೋಷಣೆಯಾಗಿ ನಾಲ್ಕು ವರ್ಷ ಕಳೆದರೂ ಖರೀದಿ ಅಧಿಕಾರಿಗಳಿಂದ ಒಂದೇ ಉತ್ತರ ಬರುತ್ತಿತ್ತು: ಕೊಡಲು ನಾವು ಸಿದ್ಧ, ಮಾಡುವವರೇ ಇಲ್ಲ. ಉದ್ಯಮಿಗಳ ಮಾತು ಬೇರೆ: ಮಾಡುವವರಿದ್ದೇವೆ, ನೀವು ನಮ್ಮನ್ನು ನೋಡಿಯೇ ಇಲ್ಲ. 2005ರಲ್ಲಿ ಪುಣೆಯಲ್ಲಿ ಮಿಲಿಂದ್ ಕಾಂಬ್ಳೆ ಅವರು ಸ್ಥಾಪಿಸಿದ ದಲಿತ ಉದ್ಯಮಿಗಳ ಸಂಸ್ಥೆ ಡಿಕ್ಕಿ ಈ ಎರಡನೆಯ ಮಾತನ್ನು ದೇಶದ ಮುಂದಿಟ್ಟಿತ್ತು. ಎರಡೂ ಮಾತುಗಳ ನಡುವೆ ಸೇತುವಾಗಲು 2016ರ ಅಕ್ಟೋಬರ್ 18ರಂದು ಲುಧಿಯಾನದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ರಾಷ್ಟ್ರೀಯ ಎಸ್‌ಸಿ-ಎಸ್‌ಟಿ ಹಬ್‌ಗೆ ಚಾಲನೆ ನೀಡಿದರು. ನಡೆಸುವ ಹೊಣೆ ಎನ್‌ಎಸ್‌ಐಸಿಗೆ ಬಂದಿತು. ಅರವತ್ತು ದಾಟಿದ ಸಂಸ್ಥೆಗೆ ಇದು ಹೊಸ ಹುಟ್ಟು.

ಹಬ್ ಮಾಡುವ ಕೆಲಸಗಳಲ್ಲಿ ಹಳೆಯ ಅನುಭವದ ಗುರುತು ಕಾಣುತ್ತದೆ. ಯಂತ್ರ ಕೊಳ್ಳಲು ಶೇ 25ರಷ್ಟು, ಗರಿಷ್ಠ 25 ಲಕ್ಷ ರೂಪಾಯಿಯ ಸಹಾಯಧನ, 1950ರ ದಶಕದ ಬಾಡಿಗೆ-ಖರೀದಿಯ ಮುಂದಿನ ರೂಪ. ಒಂದೇ ಕಡೆಯ ನೋಂದಣಿಗೆ ಪರಿಶಿಷ್ಟರಿಂದ ನೂರು ರೂಪಾಯಿಯಷ್ಟು ಹೆಸರಿಗೆ ಮಾತ್ರದ ಶುಲ್ಕ. ಪರೀಕ್ಷಾಲಯದ ಶುಲ್ಕ, ಬ್ಯಾಂಕ್ ಗ್ಯಾರಂಟಿಯ ಖರ್ಚು, ಮೇಳಗಳಲ್ಲಿ ಮಳಿಗೆ ಹಾಕುವ ಖರ್ಚುಗಳನ್ನು ಹಿಂದಿರುಗಿಸುವ ಏರ್ಪಾಟುಗಳೂ ಇವೆ. ಬೆಂಗಳೂರು ಸೇರಿದಂತೆ ಹಲವು ನಗರಗಳ ಹಬ್ ಕಚೇರಿಗಳು ಟೆಂಡರು ತುಂಬುವುದನ್ನು ಪಕ್ಕದಲ್ಲಿ ಕೂತು ಹೇಳಿಕೊಡುತ್ತವೆ, ಸಾರ್ವಜನಿಕ ಉದ್ಯಮಗಳ ಖರೀದಿ ಅಧಿಕಾರಿಗಳನ್ನೂ ಉದ್ಯಮಿಗಳನ್ನೂ ಒಂದೆಡೆ ಕೂಡಿಸುತ್ತವೆ. ಬ್ರ್ಯಾಕೆಟ್ಟಿನ ವಿಷಯದಲ್ಲಿ ಹೇಳಿದ ಕಾಗದದ ಮರ್ಮ ತಿಳಿಸುವವರು ಇವರೇ ಆಗಬೇಕು.

ಇಲ್ಲಿ ಒಂದು ಮಾತು ಹೇಳದಿದ್ದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಸೈನ್ಯದ ಬೂಟು, ಬೆಲ್ಟು, ಕುದುರೆಯ ಜೀನುಗಳಿಗೆ ಬೇಕಾದ ಚರ್ಮವನ್ನು ಹದ ಮಾಡಿದ್ದು, ಹೊಲಿದದ್ದು ತಲೆಮಾರುಗಳಿಂದ ಯಾರ ಕೈ ಎಂಬುದು ಎಲ್ಲರಿಗೂ ಗೊತ್ತು. ಕೆಲಸ ಅವರದಾಗಿತ್ತು, ಗುತ್ತಿಗೆಯ ಹೆಸರು ಬೇರೆಯವರದಾಗಿತ್ತು. ಹಬ್‌ನ ಉದ್ದೇಶವನ್ನು ದಾನವೆಂದು ಬಗೆಯುವವರು ಇದನ್ನು ನೆನೆಯಬೇಕು. ಕೈಗೆ ಸಲ್ಲಬೇಕಾದ ಹೆಸರನ್ನು ಸಲ್ಲಿಸುವ ಕೆಲಸ ಇದು.

ಇದೇ ಹೊತ್ತಿಗೆ ಖರೀದಿಯ ಪೇಟೆಯೇ ಬದಲಾಯಿತು. 2016ರ ಆಗಸ್ಟಿನಲ್ಲಿ ಜೆಮ್ ಎಂಬ ಸರ್ಕಾರಿ ಆನ್‌ಲೈನ್ ಮಾರುಕಟ್ಟೆ ತೆರೆಯಿತು. ದಶಕಗಳ ಕಾಲ ಸರ್ಕಾರಿ ಖರೀದಿಯ ಕೇಂದ್ರವಾಗಿದ್ದ ಸರಬರಾಜು ಮಹಾನಿರ್ದೇಶನಾಲಯ 2017ರ ಅಕ್ಟೋಬರಿನಲ್ಲಿ ಮುಚ್ಚಿತು. 2018ರಲ್ಲಿ ರಕ್ಷಣಾ ಕ್ಷೇತ್ರದ ಹೊಸ ಆವಿಷ್ಕಾರಗಳಿಗೆಂದು ಐಡೆಕ್ಸ್ ಯೋಜನೆ, 2020ರ ಆಗಸ್ಟಿನಲ್ಲಿ ಆಮದು ಬಿಡಿಭಾಗಗಳನ್ನು ತೋರಿಸಿ ಇವನ್ನು ಇಲ್ಲೇ ಮಾಡುವವರು ಯಾರು ಎಂದು ಕೇಳುವ ಸೃಜನ್ ಜಾಲತಾಣ ಬಂದವು. 2021ರ ಫೆಬ್ರುವರಿಯಲ್ಲಿ 83 ತೇಜಸ್ ವಿಮಾನಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದವಾದಾಗ ಸುಮಾರು 500 ದೇಶಿ ಕಂಪನಿಗಳು ಅದರ ತಯಾರಿಕೆಯಲ್ಲಿ ಭಾಗಿಯಾಗುತ್ತವೆ ಎಂದು ಸರ್ಕಾರ ಹೇಳಿತು. 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕೆಲಸ ಬೆಂಗಳೂರಿನಿಂದ ಜಿಲ್ಲೆಗಳ ಕಡೆ ಹೊರಟಿದೆ.

ಎಪ್ಪತ್ತರಲ್ಲಿ

ಒಟ್ಟು ಖರೀದಿಯಲ್ಲಿ ಶೇ 25ರ ಗುರಿಯನ್ನು ಕೇಂದ್ರದ ಸಂಸ್ಥೆಗಳು ಒಟ್ಟಾರೆಯಾಗಿ ದಾಟಿವೆ. ನಿಗಮಕ್ಕೂ ಅದರ ಜೊತೆ ದುಡಿದ ಸಂಘಗಳಿಗೂ ಇದು ಹೆಮ್ಮೆಯ ಸಂಗತಿ. ಪರಿಶಿಷ್ಟರ ಶೇ 4ರ ಗುರಿ ಮಾತ್ರ ಆದೇಶ ಬಂದು ಹದಿಮೂರು ವರ್ಷವಾದರೂ ಬಹಳ ದೂರದಲ್ಲಿದೆ. ಮಹಿಳೆಯರ ಶೇ 3 ಕೂಡ ಸುಲಭವಾಗಿ ಕೈಗೆಟುಕಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂಬ ಗಾದೆ ಹೆಚ್ಚಿನ ಪಾಲು ಇಲ್ಲಿಗೆ ಸಲ್ಲುತ್ತದೆ. ಖರೀದಿ ಅಧಿಕಾರಿಯ ಕಷ್ಟವೂ ಇದೆ: ವಿಮಾನದ ಭಾಗವನ್ನು ಹೊಸಬರಿಗೆ ಕೊಟ್ಟು ಎಡವಿದರೆ ಉತ್ತರ ಹೇಳಬೇಕಾದವರು ಅವರು. ಹಾಗೆಂದು ಹಿಂದಿನ ಅನುಭವ ಇದ್ದವರಿಗೇ ಆರ್ಡರು ಎಂದು ಕೂತರೆ, ಹೊಸಬ ಅನುಭವ ಪಡೆಯುವುದು ಎಲ್ಲಿ? ಸಣ್ಣ ಪ್ರಮಾಣದ, ಅಪಾಯ ಕಡಿಮೆಯ ಭಾಗಗಳನ್ನು ಕಲಿಕೆಯ ಆರ್ಡರುಗಳೆಂದು ಬೇರೆ ಇಡುವುದು, ಮೊದಲ ಪೀಸಿನ ತಪಾಸಣೆಗೆ ದೊಡ್ಡ ಕಾರ್ಖಾನೆಯ ಅಳತೆ ಕೋಣೆಯನ್ನು ತೆರೆದಿಡುವುದು ಆಗದ ಕೆಲಸವೇನಲ್ಲ.

ಬಾಕಿಯ ವಿಷಯದಲ್ಲಿ ಮುನ್ನಡೆ ಇದೆ. ಬಿಲ್ಲನ್ನು ತೋರಿಸಿ ಬ್ಯಾಂಕುಗಳಿಂದ ಮೊದಲೇ ಹಣ ಪಡೆಯುವ ಟ್ರೆಡ್ಸ್ ವೇದಿಕೆಗಳಿವೆ. 45 ದಿನದೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚಾಗಿ ತೋರಿಸಲಾಗದ ಹಾಗೆ ಆದಾಯ ತೆರಿಗೆ ಕಾನೂನಿಗೆ 2023ರಲ್ಲಿ ತಿದ್ದುಪಡಿಯಾಗಿದೆ. ಕರ್ನಾಟಕ ಸರ್ಕಾರ ತನ್ನ ಕಾಮಗಾರಿಗಳಲ್ಲಿ ಪರಿಶಿಷ್ಟ ಗುತ್ತಿಗೆದಾರರಿಗೆ ಶೇ 24.1 ಮೀಸಲಿಟ್ಟು, ಅದರ ಮಿತಿಯನ್ನು 50 ಲಕ್ಷದಿಂದ ಒಂದು ಕೋಟಿಗೆ ಏರಿಸಿದೆ. ಸಿವಿಲ್ ಕಾಮಗಾರಿಯಲ್ಲಿ ಆದದ್ದು ಲೇತಿನ ಮೇಲಿನ ಕೆಲಸದಲ್ಲೂ ಆದೀತು.

ಈ ಸಂಚಿಕೆಯನ್ನು ಓದುವ ಸಣ್ಣ ಉದ್ಯಮಿಗಳಲ್ಲಿ, ಅದರಲ್ಲೂ ಪರಿಶಿಷ್ಟ ಸಮುದಾಯಗಳ ಮತ್ತು ಮಹಿಳಾ ಉದ್ಯಮಿಗಳಲ್ಲಿ ಒಂದು ವಿನಂತಿ. ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ನೋಂದಣಿ ಮಾಡಿಸಿ, ಒಡೆತನದ ವರ್ಗವನ್ನು ಅದರಲ್ಲಿ ಸರಿಯಾಗಿ ನಮೂದಿಸಿ, ಹಬ್ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಪಟ್ಟಿಯಲ್ಲಿ ಹೆಸರಿಲ್ಲದವರ ಪರವಾಗಿ ಯಾವ ನೀತಿಯೂ ಮಾತಾಡಲಾರದು. ಖರೀದಿ ಮಾಡುವ ಸಂಸ್ಥೆಗಳಲ್ಲಿ ಇನ್ನೊಂದು ವಿನಂತಿ. 2012ರ ನೀತಿಯಂತೆ ಪ್ರತಿ ವರ್ಷ ನೀವು ಖರೀದಿ ಯೋಜನೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಮುಂದಿನ ವರ್ಷದ ಯೋಜನೆಯಲ್ಲಿ ಆ ಶೇ 4 ಯಾವ ಯಾವ ವಸ್ತುಗಳಿಂದ ತುಂಬುತ್ತದೆ ಎಂಬುದನ್ನು ಹೆಸರು, ಡ್ರಾಯಿಂಗ್ ನಂಬರಿನ ಸಮೇತ ಪ್ರಕಟಿಸಿ. ಮಾಡಿಕೊಡುವವರು ಪೀಣ್ಯದಲ್ಲಿ, ಬೆಳಗಾವಿಯಲ್ಲಿ, ತುಮಕೂರಿನಲ್ಲಿ ಇದ್ದಾರೆ.